ಏಡಿಯ ಹಾಗೆ ಹೋಗುವ ಬಾಗಿಲು

ಕಟ್ಟೆಮಳಲವಾಡಿಯಲ್ಲಿ ಹೊಗೆಸೊಪ್ಪನ್ನು ಒಲೆಯ ಬಿಸಿಗೆ ಬೇಯಿಸಿ ಒಣಗಿಸುವ ಬ್ಯಾರನ್ ಮನೆಯೊಂದಕ್ಕೆ ನಕ್ಷೆ ಬರೆದವನು ನಾನೇ. ಇಂಜಿನಿಯರ್ ಆಗಿ ಅದು ನನ್ನ ಮೊದಲ ಕಟ್ಟಡ. ಒಲೆ, ಗಾಳಿಕಿಂಡಿ, ಗೋಡೆ ಎಲ್ಲ ಸರಿಯಿದ್ದವು. ಬಾಗಿಲು ಮಾತ್ರ ಕಿರಿದು. ಸೊಪ್ಪು ಕಟ್ಟಿದ ಉದ್ದನೆಯ ಕೋಲನ್ನು ಅಡ್ಡ ಹಿಡಿದು ಬರುವವರೆಲ್ಲ ಅಲ್ಲಿ ಏಡಿಯ ಹಾಗೆ ಪಕ್ಕಕ್ಕೆ ತಿರುಗಿಯೇ ಒಳಹೋಗಬೇಕು. ಅಷ್ಟೆಲ್ಲ ಲೆಕ್ಕ ಹಾಕಿದ ನಾನು ಇಲ್ಲೇಕೆ ಎಡವಿದೆ ಎಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಮೊನ್ನೆ ಹೊಳೆಯಿತು: ಬಾಗಿಲಿನ ಅಳತೆ ಹಿಡಿಯುವಾಗ ನಾನು ಬರಿಗೈಯಲ್ಲಿ ಓಡಾಡಿ ನೋಡಿದ್ದೆ, ಬೆಪ್ಪನ ಹಾಗೆ!

ತಪ್ಪೊಪ್ಪಿಕೊಳ್ಳೋಣವೆಂದು ಹೋದರೆ, ಆ ಬ್ಯಾರನ್ನಿನ ಒಡತಿ ಹಳೆಯದರ ಪಕ್ಕದಲ್ಲೇ ಹೊಸ ಬ್ಯಾರನ್ ಕಟ್ಟಿಸಿದ್ದಳು. ಅದರ ಬಾಗಿಲೂ ಅಷ್ಟೇ ಕಿರಿದು.

“ಮತ್ತೆ ಇಷ್ಟು ಸಣ್ಣ ಬಾಗಿಲು ಯಾಕಮ್ಮ ಇಡ್ಸಿದ್ರಿ?” ಎಂದು ರೇಗಿದೆ.

“ಇಂಜಿನಿಯರ್ ಬರ್ದವ್ರೆ ಅಂದ್ಮೇಲೆ ಏನೋ ಕಾರಣ ಇದ್ದೇ ಇರ್ತದೆ ಅಂತ ಅದೇ ಅಳತೆಗೆ ಕಟ್ಟುಸ್ದೊ ಕಣ್ರೀ. ಊರಲ್ಲಿ ಇನ್ನೂ ನಾಕು ಜನ ಅಂಗೇ ಕಟ್ಟವ್ರೆ. ಈಗ್ಲಾದ್ರೂ ಏಳಿ ಸಾ, ಯಾಕೆ ಅಂಗೆ ಮಾಡಿದ್ರಿ?”

ನಾನು ಸೊಪ್ಪು ಕಟ್ಟಿದ ಕೋಲೊಂದನ್ನು ಎತ್ತಿಕೊಂಡು, ಏಡಿಯ ಹಾಗೆ ಪಕ್ಕಕ್ಕೆ ತಿರುಗಿ ಒಳಗೆ ಹೋದೆ.