ಕಂಡಿ ದಾರಿ, ಹೊಳೆ ದಾರಿ

ಮರದ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಮೊದಲು ಒಂದು ಜೊತೆ ಬೂಟು ಧಡಧಡನೆ ಏರಿ ಹೋಯಿತು. ಅದರ ಬೆನ್ನಿಗೇ ಹಗುರವಾದ ಇನ್ನೊಂದು ಜೊತೆ. ಮೂರನೆಯದು ನಿಧಾನವಾಗಿ ಬಂತು, ನಡುವೆ ನಿಂತಿತು, ಹಲಗೆ ಕಿರ್ ಎಂದಿತು, ಮತ್ತೆ ಹೊರಟಿತು, ಮತ್ತೆ ನಿಂತಿತು.

ಮೆಟ್ಟಿಲ ಕೆಳಗಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಸೌಟಣ್ಣ ಚಾಕು ಹಿಡಿದ ಕೈ ತಡೆದು ಮೇಲೆ ನೋಡಿದ. ಹಲಗೆಯ ಸಂದಿನಿಂದ ಧೂಳು ಸಣ್ಣಗೆ ಉದುರಿ ಅವನ ರೆಪ್ಪೆಯ ಮೇಲೆ ಕೂತಿತು.

“ಬಂದ್ರು,” ಎಂದ.

ಬಾಗಿಲ ಬೆಳಕಿಗೆ ಕೂತು ಡೇರೆಯ ಹರಿದ ಮೂಲೆ ಹೊಲಿಯುತ್ತಿದ್ದ ಹೆಂಡತಿ ಸೂಜಿಯಿಂದ ಕಣ್ಣೆತ್ತಲಿಲ್ಲ. “ಬರಲಿ. ಮೊಲದ ಹಾಗೆ ಕಿವಿ ನೆಟ್ಟಗೆ ಮಾಡ್ಕೊಂಡು ನಿಲ್ಲಬೇಡಿ. ಈರುಳ್ಳಿ ಹೆಚ್ಚಿ.”

“ಈರುಳ್ಳಿಗೇನು, ಯಾವ ದಾರೀಲಿ ಹೋದ್ರೂ ಕಣ್ಣೀರೇ.”

ಹೆಂಡತಿ ನಗಲಿಲ್ಲ. ಇಂಥ ಮಾತು ಆಡುವಾಗಲೆಲ್ಲ ಅವನೊಳಗೆ ಏನೋ ಕುದಿಯುತ್ತಿರುತ್ತದೆ ಎಂದು ಅವಳಿಗೆ ಗೊತ್ತು.

ಬೆಟ್ಟ ಹತ್ತುವಾಗ ಬೇರೆಯವರು ಸೊಂಟಕ್ಕೆ ನೀರಿನ ಬಾಟಲಿ ಸಿಕ್ಕಿಸಿಕೊಂಡರೆ ಅವನು ಸೌಟು ಸಿಕ್ಕಿಸಿಕೊಳ್ಳುತ್ತಿದ್ದ. ಹಾಗಾಗಿ ಸೌಟಣ್ಣ. ಈಗ ತಲೆ ಅರ್ಧ ನರೆತಿದೆ, ಹೆಸರು ಅದೇ ಉಳಿದಿದೆ. ಅವನ ನಿಜವಾದ ಹೆಸರು ಹಿಡಿದು ಕರೆಯುವವಳು ಈ ಲೋಕದಲ್ಲಿ ಒಬ್ಬಳೇ, ಅವನ ಅಕ್ಕ. ಅವಳು ಇರುವುದು ಬೆಟ್ಟದ ಮೇಲೆ.

ಬೆಟ್ಟದ ಮಡಿಲಿನ ಹಾಳು ಪಟ್ಟಣ ನೋಡಲು ದೂರದೂರದಿಂದ ಜನ ಬರುತ್ತಿದ್ದರು. ಯಾವ ಕಾಲದ್ದೋ ಕಲ್ಲಿನ ಪಟ್ಟಣ, ಗೋಡೆಗಳಿವೆ, ಸೂರಿಲ್ಲ. ಅಲ್ಲಿಗೆ ಹೋಗಲು ಎರಡು ದಾರಿ, ಎರಡೂ ಹಲವು ದಿನಗಳ ನಡಿಗೆ. ಹೊಳೆಯ ದಂಡೆ ಹಿಡಿದು ಹೋದರೆ ನೆರಳುಂಟು, ಬಿಸಿನೀರಿನ ಬುಗ್ಗೆಯುಂಟು, ಕೊನೆಯಲ್ಲಿ ಪಟ್ಟಣದ ಹಿಂಬದಿಗೆ ತಲುಪುತ್ತದೆ. ಇನ್ನೊಂದು, ಎರಡು ಶಿಖರಗಳ ನಡುವಿನ ಕಂಡಿಯನ್ನು ದಾಟಿ ಹೋಗುವ ಹಳೆಯ ದಾರಿ. ಆ ಕಂಡಿಯ ಕೆಳಗೆ ಕಲ್ಲು ಪೇರಿಸಿ ಕಟ್ಟಿದ ಒಂದು ತಂಗುಮನೆ. ಅದನ್ನು ನಡೆಸುವವಳು ಅಕ್ಕ.

ತಾಯಿ ಸತ್ತಾಗ ಸೌಟಣ್ಣನಿಗೆ ನೆಟ್ಟಗೆ ನಡೆಯಲು ಬರುತ್ತಿರಲಿಲ್ಲ. ಅಕ್ಕ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಅದೇ ದಾರಿ ಹತ್ತಿ ಆ ತಂಗುಮನೆಗೆ, ಗಂಡನ ಮನೆಗೆ ಹೋದಳು. ತವರಿಂದ ಏನು ತಂದೆ ಎಂದು ಅಲ್ಲಿಯವರು ಕೇಳಿದ್ದಕ್ಕೆ ಬೆನ್ನು ತಿರುಗಿಸಿ ತೋರಿಸಿದಳಂತೆ. ಒಲೆ ಹಚ್ಚಲು ಕಲಿಸಿದವಳು ಅವಳು. “ಈ ಎತ್ತರದಲ್ಲಿ ನೀರು ಬೇಗ ಕುದಿಯುತ್ತೆ, ಆದ್ರೆ ಏನನ್ನೂ ಬೇಯಿಸಲ್ಲ. ಕೆಲವರ ಕೋಪದ ಹಾಗೆ. ಕಾಯಬೇಕು,” ಎನ್ನುತ್ತಿದ್ದಳು. ಗಂಡ ಹೋದಮೇಲೂ ಒಲೆ ಆರಗೊಡಲಿಲ್ಲ. ಮದುವೆಯಾಗಿ ಕೆಳಗಿನ ಊರಿಗೆ ಇಳಿದ ತಮ್ಮ, ಚಾರಣಿಗರ ತಂಡದ ಜೊತೆ ವರ್ಷಕ್ಕೊಂದೆರಡು ಸಲ ಬಂದು ಅವಳ ಒಲೆಯ ಮುಂದೆ ಕೂತು ಹೋಗುತ್ತಿದ್ದ. ಆದರೆ ಹೊಳೆಯವರೆಗೆ ಬಸ್ಸು ಬಂದಮೇಲೆ ಎಲ್ಲರೂ ಹೊಳೆ ದಾರಿಯನ್ನೇ ಕೇಳತೊಡಗಿದರು. ಹೋದ ವರ್ಷ ಕಂಡಿ ದಾರಿ ಬೇಕೆಂದವರು ಒಬ್ಬರೂ ಇರಲಿಲ್ಲ. ಈ ವರ್ಷವೂ ಇಲ್ಲ.

ಹೋದ ವಾರ ಹೇಸರಗತ್ತೆಗಳನ್ನು ಹೊಡೆದುಕೊಂಡು ಚಳಿಗಾಲಕ್ಕೆ ಕೆಳಗಿಳಿದ ಕತ್ತೆ ಸಾಹುಕಾರ ಅಡುಗೆಮನೆಯ ಬಾಗಿಲಲ್ಲಿ ನಿಂತು ಟೊಪ್ಪಿಗೆ ತೆಗೆದಿದ್ದ. “ನಿಮ್ಮಕ್ಕ ಹಾಸಿಗೆ ಬಿಟ್ಟು ಏಳ್ತಿಲ್ಲ ಕಣಯ್ಯ. ಊಟ ಸೇರ್ತಿಲ್ಲ. ಹಿಮ ಬೀಳೋದ್ರೊಳಗೆ ಒಂದ್ಸಲ ಮುಖ ತೋರಿಸಿ ಹೋಗು ಅಂದ್ಲು.”

ಒಬ್ಬನೇ ಹೊರಟುಬಿಡುವ ಹಾಗಿರಲಿಲ್ಲ. ಈ ತಿಂಗಳು ಹುಟ್ಟಿತೆಂದರೆ ತಪ್ಪಲಿನ ಕಾವಲು ಚೌಕಿಯವರು ಒಂಟಿಯಾಗಿ ಬಂದವರನ್ನು ಮೇಲೆ ಬಿಡುವುದಿಲ್ಲ. ತಂಡ ಬೇಕು, ತಂಡದ ಚೀಟಿ ಬೇಕು. ತಂಡಗಳನ್ನು ಕಳಿಸುವ ಕಚೇರಿ ಹೆಂಡತಿಯ ಅಣ್ಣನದು. ಇನ್ನೊಬ್ಬ ಅಡುಗೆಯವನು ಕೈ ಮುರಿದುಕೊಂಡು ಮಲಗಿದ್ದ, ಹಾಗಾಗಿ ಬರುವ ತಂಡಕ್ಕೆ ಸೌಟಣ್ಣನೇ ಹೋಗಬೇಕು. ಭಾವ ಕೆಟ್ಟವನಲ್ಲ. “ನಾನೇನು ಕಟುಕನೇನಯ್ಯಾ? ಇದೊಂದು ಕೊನೇ ತಂಡ. ಅವರು ಕಂಡಿ ದಾರಿ ಅಂದ್ರೆ ನೀನು ಅಕ್ಕನ ಮನೇಲಿ ಉಂಡು ಮಲಗಿ ಬಾ. ಹೊಳೆ ದಾರಿ ಅಂದ್ರೆ ಮಾತ್ರ ನಾನೇನೂ ಮಾಡೋ ಹಾಗಿಲ್ಲ,” ಎಂದಿದ್ದ. ಹೊಳೆ ದಾರಿಯಲ್ಲಿ ಹೋಗಿ ಬರುವಷ್ಟರಲ್ಲಿ ಹಿಮ ಬಿದ್ದು ಕಂಡಿ ದಾರಿ ಮುಚ್ಚಿಹೋಗುತ್ತದೆ. ಮತ್ತೆ ತೆರೆಯುವುದು ಹಿಮ ಕರಗಿದ ಮೇಲೆ. ಅಲ್ಲಿಯವರೆಗೆ ಅಕ್ಕ ಕಾಯುತ್ತಾಳೆಯೇ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಸೌಟಣ್ಣ ಚಹಾದ ತಟ್ಟೆ ಹಿಡಿದು ಮೇಲೆ ಹೋದಾಗ ಚಾರಣಕ್ಕೆ ಬಂದ ಒಬ್ಬ ಮುದುಕರು, ಅವರ ಮಗಳು, ಅಳಿಯ ಮೂವರೂ ಭಾವನ ಕಚೇರಿಯ ಗೋಡೆಯ ನಕ್ಷೆಯ ಮುಂದೆ ಕೂತಿದ್ದರು. ನಕ್ಷೆಯ ಮೇಲೆ ಗುಂಡುಸೂಜಿ ಚುಚ್ಚಿ ಎಳೆದ ಎರಡು ದಾರ, ಒಂದು ಕೆಂಪು, ಒಂದು ನೀಲಿ. ಮಗಳು ಬೆರಳಿಂದ ಎರಡನ್ನೂ ಸವರಿ ನೋಡುತ್ತಿದ್ದಳು. ಅಳಿಯ ಆಗಲೇ ಮನಸ್ಸಿನಲ್ಲಿ ಬುಗ್ಗೆಗೆ ಇಳಿದಿದ್ದ. ಅವರ ನಡುವೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ಮುದುಕರು ಸೈನ್ಯದ ಬ್ಯಾಂಡಿನಲ್ಲಿ ಆಯುಷ್ಯವೆಲ್ಲ ಕಹಳೆ ಊದಿದವರು. ತುಟಿಗಿಟ್ಟು ಊದುವ ಅದರ ಹಿತ್ತಾಳೆಯ ಬಾಯಿತುಂಡನ್ನು ಈಗಲೂ ಜೇಬಿನಲ್ಲಿಟ್ಟುಕೊಂಡು ಬೆರಳಲ್ಲಿ ಹೊರಳಿಸುತ್ತಿದ್ದರು.

“ಹೊಳೆ ದಾರೀಲಿ ಬಿಸಿನೀರ ಬುಗ್ಗೆ ಇದೆ ಮಾವ. ಮಂಡಿನೋವಿಗೆ ಒಳ್ಳೇದು,” ಎಂದ ಅಳಿಯ.

“ಮಂಡಿನೋವು ಯಾರಿಗೆ? ನಿನಗೆ ತಾನೆ?”

“ಅಪ್ಪಾ!”

“ಅಲ್ಲಮ್ಮ, ಅಷ್ಟು ದೂರ ಹೋಗಿ ಹಿತ್ತಲ ಬಾಗಿಲಿಂದ ಒಳಗೆ ಹೋಗೋಕೆ ನಾನೇನು ಹಾಲಿನವನೇ? ಕಂಡಿ ಮೇಲೆ ದೊಡ್ಡ ಕಲ್ಲಿನ ಹೆಬ್ಬಾಗಿಲಿದೆಯಂತೆ. ಅಲ್ಲಿ ನಿಂತ್ರೆ ಇಡೀ ಪಟ್ಟಣ ಕಾಲ ಕೆಳಗೆ ಕಾಣುತ್ತಂತೆ. ನೋಡೋದಾದ್ರೆ ಹಾಗೆ ನೋಡ್ಬೇಕು.”

“ನೀವಿಬ್ರೇ ಕಂಡಿಗೆ ಹೋಗಿ, ಯಜಮಾನ್ರು ಇಲ್ಲೇ ಆರಾಮವಾಗಿ...” ಮೇಜಿನಾಚೆ ಕೂತಿದ್ದ ಭಾವ ತಮಾಷೆ ಮಾಡಲು ಹೋದ.

“ಅಪ್ಪನ್ನ ಬಿಟ್ಟು ಹೋಗೋ ಮಾತೇ ಇಲ್ಲ,” ಮಗಳು ಕಡ್ಡಿ ಮುರಿದಂತೆ ಹೇಳಿದಳು. ಆಮೇಲೆ ತಟ್ಟೆಯಿಂದ ಲೋಟ ತೆಗೆದುಕೊಳ್ಳುತ್ತ ಸೌಟಣ್ಣನ ಕಡೆ ತಿರುಗಿದಳು. “ನೀವು ಎರಡೂ ದಾರಿ ನಡೆದವರು. ನೀವೇ ಹೇಳಿ, ಯಾವುದಕ್ಕೆ ಹೋಗೋಣ?”

ಕೆಲಸದವರು ದಾರಿಯ ವಿಷಯದಲ್ಲಿ ಬಾಯಿ ಹಾಕಬಾರದೆಂಬುದು ಕಚೇರಿಯ ಕಟ್ಟಳೆ. ಭಾವ ಕಿಟಕಿಯಾಚೆ ನೋಡಿದ, ಅಲ್ಲಿ ಬಹಳ ಮುಖ್ಯವಾದದ್ದೇನೋ ನಡೆಯುತ್ತಿದೆ ಎಂಬಂತೆ.

ಸೌಟಣ್ಣ ಹೇಳಿದ. ಅಷ್ಟು ಮಾತು ತನ್ನ ಬಾಯಲ್ಲಿತ್ತು ಎಂದು ಅವನಿಗೇ ಗೊತ್ತಿರಲಿಲ್ಲ. ಬೆಳಗಿನ ಬಿಸಿಲು ಮೊದಲು ಹೆಬ್ಬಾಗಿಲ ಹಣೆಗೆ ಬೀಳುವುದನ್ನು ಹೇಳಿದ. ಕೆಳಗೆ ಮಂಜು ಸರಿದ ಹಾಗೆ ಒಂದೊಂದೇ ಗೋಡೆ, ಒಂದೊಂದೇ ಬೀದಿ ಎದ್ದು ಬರುವುದನ್ನು ಹೇಳಿದ. ಯಾವುದೂ ಸುಳ್ಳಲ್ಲ. ತಂಗುಮನೆಗೆ ಮುಂಚಿನ ಏರಿನಲ್ಲಿ ಗಟ್ಟಿಗರೂ ಕೈಕಾಲು ಊರಿ ಹತ್ತುತ್ತಾರೆ ಎಂಬುದನ್ನು ಮಾತ್ರ ಹೇಳಲಿಲ್ಲ.

“ಅಡುಗೆಯವನಾ ಕವಿಯಾ?” ಅಳಿಯ ಸೋತು ನಕ್ಕ. ಮುದುಕರು ಬಾಯಿತುಂಡನ್ನು ಮೇಜಿನ ಮೇಲೆ ಟಕ್ಕೆಂದು ಇಟ್ಟರು. “ಆಯ್ತು, ಕಂಡಿ ದಾರಿ!”

ಕೆಳಗೆ ಹೆಂಡತಿ ಆಗಲೇ ಪೆಟ್ಟಿಗೆಯಿಂದ ಉಣ್ಣೆಯ ಶಾಲು ತೆಗೆದಿದ್ದಳು. ಹಲಗೆಯ ಸಂದಿನಲ್ಲಿ ಧೂಳಷ್ಟೇ ಅಲ್ಲ, ಮಾತೂ ಇಳಿಯುತ್ತದೆ. “ಅತ್ತಿಗೆಗೆ ಇದು ಕೊಡಿ. ಹಳೇದು ಅಂತ ಬೈತಾರೆ, ಬೈಯಲಿ, ಬೈಯೋಕೆ ಶಕ್ತಿ ಬಂತಲ್ಲ ಅಂದ್ಕೊಳ್ಳಿ.” ಸೌಟಣ್ಣ ಶಾಲನ್ನು ಮೂಗಿಗೆ ಹಿಡಿದು ನಕ್ಕ.

ಆಗ ಮುದುಕರು ಗೋಡೆ ಹಿಡಿದು ಒಳಗೆ ಬಂದರು.

“ಸ್ವಲ್ಪ ಬಿಸಿನೀರು ಕೊಡ್ತೀಯಪ್ಪಾ?”

ಕೊಟ್ಟ. ಅವರು ಅಕ್ಕಿಮೂಟೆಯ ಮೇಲೆ ಕೂತು ಒಂದು ಗುಟುಕು ಕುಡಿದರು, ಲೋಟ ಇಳಿಸಿದರು, ಉಸಿರು ತೆಗೆದುಕೊಂಡರು. ಇನ್ನೊಂದು ಗುಟುಕು, ಮತ್ತೆ ಉಸಿರು. ಸೌಟಣ್ಣನ ನಗು ಮುಖದಲ್ಲೇ ಒಣಗಿತು.

ಬಿಸಿನೀರು ಕೊಟ್ಟೇ ಅಕ್ಕ ಜನರ ಉಸಿರು ಅಳೆಯುತ್ತಿದ್ದಳು. ತಂಗುಮನೆಗೆ ಬಂದ ಹೊಸಬರನ್ನು ಜಗಲಿಯ ಮೇಲೆ ಕೂರಿಸಿ ಒಂದು ಲೋಟ ಬಿಸಿನೀರು ಕೊಟ್ಟು, ಕುಡಿಯುವಾಗಲೇ ಮನೆಮಂದಿಯ ಹೆಸರೆಲ್ಲ ಕೇಳುತ್ತಿದ್ದಳು. ಜನ ಅದನ್ನು ಅಕ್ಕರೆ ಎಂದುಕೊಳ್ಳುತ್ತಿದ್ದರು. ಅಕ್ಕರೆಯೂ ಹೌದು. ಹೆಸರಿನ ನಡುವೆ ಉಸಿರಿಗಾಗಿ ನಿಂತವರನ್ನು ಮಾತ್ರ ಬೆಳಕು ಹರಿಯುವ ಮೊದಲೇ ಕೆಳಗೆ ಅಟ್ಟುತ್ತಿದ್ದಳು, ರಾಜನಾದರೂ ಸರಿ. ಒಮ್ಮೆ ಒಬ್ಬ ವ್ಯಾಪಾರಿ ಅವಳ ಮಾತು ಕೇಳದೆ ಹೋಗಿ, ಸಂಜೆ ನಾಲ್ಕು ಜನರ ಹೆಗಲ ಮೇಲೆ ಅದೇ ಜಗಲಿಗೆ ವಾಪಸು ಬಂದಿದ್ದ.

“ಮನೇಲಿ ಯಾರ್ಯಾರಿದೀರಿ ಯಜಮಾನ್ರೇ?” ಸೌಟಣ್ಣ ಮೆಲ್ಲಗೆ ಕೇಳಿದ.

“ಈಗ ನಾನು, ಮಗಳು...” ಉಸಿರು. “ಅಳಿಯ. ನನ್ನವಳು ಹೋಗಿ...” ಉಸಿರು. ಅವರು ತಲೆಯೆತ್ತಿ ಸೌಟಣ್ಣನ ಕಣ್ಣು ನೋಡಿದರು. “ತಿಳ್ಕೊಂಡೆಯಲ್ಲ. ಡಾಕ್ಟರು ಎತ್ತರಕ್ಕೆ ಹೋಗ್ಲೇಬೇಡಿ ಅಂದಿದಾರೆ. ಮಗಳಿಗೆ ಗೊತ್ತಿಲ್ಲ. ನೀನೂ ಹೇಳ್ಬೇಡ.”

“ಏರು ಕಷ್ಟ ಇದೆ.”

“ಇರಲಿ. ನಿಧಾನ ನಡೀತೀನಿ. ಊರೂರಿಗೆ ಉಸಿರು ಹಂಚಿದವನಪ್ಪಾ ನಾನು, ಒಂದು ಬೆಟ್ಟಕ್ಕಾಗೋವಷ್ಟು ಉಳಿದಿರಲ್ವಾ?” ನಕ್ಕು, ಕೆಮ್ಮಿ, ಅವನ ಮೊಣಕೈ ಒತ್ತಿದರು. “ಹಾಗೆ ನೀನು ವರ್ಣಿಸಿದೆಯಲ್ಲ, ಆಗಲೇ ಕಣ್ಣು ತುಂಬಿಬಿಡ್ತು. ನಿನ್ನ ನಂಬಿದೀನಿ.”

ಅವರು ಹೋದಮೇಲೆ ಅಡುಗೆಮನೆಯಲ್ಲಿ ಒಲೆಯ ಸದ್ದೊಂದೇ ಉಳಿಯಿತು. ಯಾರಿಗೂ ಕಂಡಿ ದಾರಿ ಬೇಡವಾಗಿರಲಿಲ್ಲ. ಮುದುಕರಿಗೆ ಬೇಕು, ಮಗಳು ಒಪ್ಪಿದ್ದಾಳೆ, ಭಾವ ಕಣ್ಣು ಮುಚ್ಚಿಕೊಂಡಿದ್ದಾನೆ. ಬೇಡವೆನ್ನಬೇಕಾದವನು ಅವನೊಬ್ಬನೇ. ಆ ಕಂಡಿ ಅವನಿಗೆ ಬೇಕಾದಷ್ಟು ಬೇರೆ ಯಾರಿಗೂ ಬೇಕಿರಲಿಲ್ಲ.

ತಂಗುಮನೆಯವರೆಗೆ ಹೋಗಿಬಿಟ್ಟರೆ? ಅಲ್ಲಿಂದ ಅಕ್ಕನೇ ಅವರನ್ನು ತಿರುಗಿಸಿ ಕಳಿಸುತ್ತಾಳಲ್ಲ. ಈ ಯೋಚನೆ ಬಂದ ಕೂಡಲೇ ಅಕ್ಕ ಜಗಲಿಯ ಮೇಲಿಲ್ಲ, ಹಾಸಿಗೆಯ ಮೇಲಿದ್ದಾಳೆ ಎಂಬುದು ನೆನಪಾಯಿತು. ಏರಿನಲ್ಲೇ ಮುದುಕರು ಕೂತುಬಿಟ್ಟರೆ ತಂಗುಮನೆಯಾದರೂ ಎಲ್ಲಿ? ತಾನು ಬಾಗಿಲು ದೂಡಿ ಒಳಗೆ ಹೋದಾಗ ಅಕ್ಕ ಹೆಸರು ಹಿಡಿದು ಕರೆಯುತ್ತಾಳೆ. ಮರುಕ್ಷಣ ಅವನ ಬೆನ್ನ ಹಿಂದೆ ಕಣ್ಣು ಹಾಯಿಸುತ್ತಾಳೆ. ಜೊತೆಗೆ ಬಂದವರೆಲ್ಲಿ ಎಂದು ಕೇಳುತ್ತಾಳೆ.

“ಅವರಿಗೆ ಅತ್ತಿಗೆ ವಿಷಯ ಹೇಳಿಬಿಡಿ,” ಹೆಂಡತಿ ಪಿಸುಗುಟ್ಟಿದಳು. “ಮನುಷ್ಯರಲ್ವಾ? ಏನಾದ್ರೂ ದಾರಿ ಹುಡುಕ್ತಾರೆ.”

“ಹೇಳಿದ್ರೆ ಪಾಪ ಅಂತ ಕಂಡಿ ದಾರಿಗೇ ಗಂಟು ಬೀಳ್ತಾರೆ ಕಣೇ. ಆ ಮುದುಕರು ಇದೇ ನೆಪ ಸಾಕು ಅಂತ ಹಟ ಹಿಡೀತಾರೆ.”

“ಹಾಗಾದ್ರೆ ಸುಮ್ನಿರಿ. ಅವರ ಜೀವ, ಅವರ ಇಷ್ಟ.”

ಅವಳು ಹಾಗೆ ಹೇಳುವವಳಲ್ಲ. ಹೇಳಿದ ಮೇಲೆ ಶಾಲಿನ ಅಂಚನ್ನು ಎರಡೂ ಕೈಯಲ್ಲಿ ಹಿಂಡುತ್ತ ನಿಂತಳು. ಸೌಟಣ್ಣ ಅವಳನ್ನೂ ಶಾಲನ್ನೂ ನೋಡಿದ. ಒಲೆ ಆರಿಸಿ ಮೇಲೆ ಹೋದ.

ಭಾವ ತಂಡದ ಚೀಟಿ ಬರೆಯುತ್ತಿದ್ದ. ಮಗಳು ತಂದೆಯ ಕೊರಳಪಟ್ಟಿಯ ಗುಂಡಿ ಹಾಕುತ್ತಿದ್ದಳು, ಶಾಲೆಗೆ ಹೊರಟ ಮಗುವಿಗೆ ಹಾಕುವ ಹಾಗೆ.

“ಅಮ್ಮಾ,” ಎಂದ ಸೌಟಣ್ಣ. “ನಾನು ಆಗ ಪೂರ್ತಿ ಹೇಳ್ಲಿಲ್ಲ. ಕಂಡಿ ದಾರಿ ನಿಮ್ಮ ತಂದೆಯವರಿಗೆ ಬೇಡ. ಅವರಿಗೆ ಉಸಿರು ಸಾಲೋದಿಲ್ಲ. ಎತ್ತರ ಬೇಡ ಅಂತ ಡಾಕ್ಟರು ಹೇಳಿದಾರಂತೆ. ಅಲ್ಲಿ ಏನಾದ್ರೂ ಆದ್ರೆ ಹೊತ್ತು ಇಳಿಸೋದು ಬಿಟ್ಟು ಬೇರೆ ಗತಿಯಿಲ್ಲ.”

ಮಗಳ ಕೈ ಗುಂಡಿಯ ಮೇಲೇ ನಿಂತಿತು. “ಅಪ್ಪಾ? ಹೌದಾ?”

ಮುದುಕರು ಮೇಜಿನ ಮೇಲಿದ್ದ ಬಾಯಿತುಂಡನ್ನು ಜೇಬಿಗೆ ಹಾಕಿಕೊಂಡರು. ಅವಳಿಗೆ ಅಷ್ಟೇ ಸಾಕಾಯಿತು. ಅವಳು ಬೈದಳು, ಅತ್ತಳು, ಯಾವ ಡಾಕ್ಟರು ಯಾವಾಗ ಎಂದು ಒಂದರ ಮೇಲೊಂದು ಕೇಳಿದಳು. ಬೆಟ್ಟವೂ ಬೇಡ, ಏನೂ ಬೇಡ ಎಂದಳು. ಅಳಿಯ ಸಮಾಧಾನ ಮಾಡಿದ: ಹೊಳೆ ದಾರಿ ತಗ್ಗಿನಲ್ಲೇ ಹೋಗುತ್ತೆ, ಪಟ್ಟಣಕ್ಕೆ ಹತ್ತುವ ಕೊನೆಯ ಮೆಟ್ಟಿಲುಗಳ ಹತ್ತಿರ ಮಾವ ಕೂತಿರಲಿ, ಅಲ್ಲಿಂದಲೂ ಗೋಡೆ ಕಾಣುತ್ತಲ್ಲ. ಹಾಗೇ ಆಗಲಿ ಎಂದಾಯಿತು. ಭಾವ ಚೀಟಿಯನ್ನು ನಿಧಾನವಾಗಿ ಹರಿದು ಇನ್ನೊಂದು ತೆಗೆದುಕೊಂಡ. ಒಮ್ಮೆ ಸೌಟಣ್ಣನ ಮುಖ ನೋಡಿದ, ಏನೋ ಹೇಳಲು ಹೋಗಿ ಶಾಯಿ ಪೆನ್ನನ್ನು ಸುಮ್ಮನೆ ಜಾಡಿಸಿದ.

ಮುದುಕರು ಆ ಹೊತ್ತೆಲ್ಲ ಸೌಟಣ್ಣನ ಮೇಲಿಂದ ಕಣ್ಣು ತೆಗೆದಿರಲಿಲ್ಲ. ಅವರ ಕಣ್ಣಲ್ಲಿ ಕೋಪಕ್ಕಿಂತ ಹೆಚ್ಚಾಗಿ ಅಚ್ಚರಿಯಿತ್ತು, ನಂಬಿದವನೇ ಹೀಗೆ ಮಾಡಿದನಲ್ಲ ಎಂಬ ಅಚ್ಚರಿ.

“ಇನ್ನೊಂದು ವರ್ಷ ನನಗೆಲ್ಲಿದೆಯಪ್ಪಾ?” ಎಂದರು. “ನನ್ನ ಪಾಡಿಗೆ ನಾನು ಹೋಗ್ತಿದ್ದೆ. ನಾನು ಕಂಡಿ ಹತ್ತಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ಸೌಟಣ್ಣ ಬಾಯಿ ತೆರೆದ. ಭಾವ ತಲೆ ತಗ್ಗಿಸಿದ. ಅಕ್ಕನ ಮಾತು ಬಂದುಬಿಟ್ಟೀತೆಂಬ ಭಯಕ್ಕೆ ಸೌಟಣ್ಣ ಬಾಯಿ ಮುಚ್ಚಿಕೊಂಡ.

“ಬಿಡಿ ಮಾವ, ಅವರದೇನು ತಪ್ಪು,” ಅಳಿಯ ಮಾತು ತಿರುಗಿಸಿದ. “ಹೊಳೆ ದಾರೀಲಿ ಊಟಕ್ಕೆ ಏನೇನು ಮಾಡ್ತೀರಿ? ಇವಳಿಗೆ ಖಾರ ಆಗಲ್ಲ, ಮಾವನಿಗೆ ಉಪ್ಪು ಕಡಿಮೆ ಇರಬೇಕು.”

“ಹೇಳಯ್ಯಾ,” ಎಂದ ಭಾವ, ಆದಷ್ಟು ಮೃದುವಾಗಿ.

“ಆಲೂಗಡ್ಡೆ ಇದೆ,” ಎಂದ ಸೌಟಣ್ಣ. “ಬೇಳೆ ಇದೆ. ಹೊಳೆ ಹತ್ತಿರ ನೀರು ಚೆನ್ನಾಗಿ ಬೇಯಿಸುತ್ತೆ.” ಅಷ್ಟು ಹೇಳಿ ಖಾಲಿ ಲೋಟಗಳನ್ನು ತಟ್ಟೆಗೆ ಹಾಕಿಕೊಳ್ಳಲು ಬಾಗಿದ. ಒಂದನ್ನು ಎತ್ತಿದ. ಮತ್ತೆ ಇದ್ದಲ್ಲೇ ಇಟ್ಟ. ತಟ್ಟೆಯನ್ನು ಮೇಜಿನ ಮೇಲೇ ಬಿಟ್ಟು ಬಾಗಿಲ ಕಡೆ ನಡೆದ.

“ಮತ್ತೆ ಬೆಳಗ್ಗೆ ತಿನ್ನೋಕೆ?” ಅಳಿಯ ಕೇಳುತ್ತಲೇ ಇದ್ದ. “ಅಲ್ಲಿ ದಾರೀಲಿ ಮೊಟ್ಟೆ ಸಿಗುತ್ತೋ, ಇಲ್ಲಿಂದಲೇ ಒಯ್ಯಬೇಕೋ? ಇವರೇ, ಇಲ್ಲಿ ಕೇಳಿ...”