ಮನೆ ಮುಂದಿನ ತಿಪ್ಪೆ

ಭಾಲ್ಕಿಯಲ್ಲಿ ನನ್ನ ಹೆಸರು ಹೇಳಿದರೆ ಈಗ ಯಾರಿಗೂ ಗುರುತು ಹತ್ತುವುದಿಲ್ಲ. ಬಸವಣ್ಣೆಪ್ಪ ಎಂದರೆ ಯಾವ ಬಸವಣ್ಣೆಪ್ಪ ಎನ್ನುತ್ತಾರೆ. ಗುಂಡಮ್ಮನ ಗಂಡ ಎಂದರೆ ಮಾತ್ರ, "ಹಾಂ, ಆ ಮನಿಯವರೇನ್ರಿ" ಎಂದು ಓಣಿಯ ತುದಿಯವರೆಗೂ ಬಂದು ದಾರಿ ತೋರಿಸುತ್ತಾರೆ. ಎರಡು ಜೋಡಿ ಎತ್ತು, ನಾಲ್ಕು ಎಮ್ಮೆ, ಕೋಟೆಯ ಹತ್ತಿರ ಅಪ್ಪ ಕಟ್ಟಿಸಿದ ಮನೆ, ಮಠದ ಅಯ್ಯನವರ ಮುಂದೆ ಕುಳಿತು ಕಲಿತ ನಾಲ್ಕಕ್ಷರ, ಇಷ್ಟೆಲ್ಲ ಇದ್ದ ಗಂಡಸು ಹೆಂಡತಿಯ ಹೆಸರಿನಲ್ಲಿ ಬದುಕಬೇಕಾದ ಸಂಕಟ ಅನುಭವಿಸಿದವರಿಗೇ ಗೊತ್ತು. ಅವಳ ಬಗ್ಗೆ ಬರೆಯಲು ಕುಳಿತದ್ದು ಬರೀ ಪ್ರೀತಿಯಿಂದ ಎಂದು ಯಾರೂ ತಿಳಿಯಬಾರದು. ಅವಳ ಮೇಲಿನ ಹೊಟ್ಟೆಕಿಚ್ಚು ನನಗಿನ್ನೂ ಆರಿಲ್ಲ.

ಗುಂಡಮ್ಮ ಔರಾದಿನ ಹೆಣ್ಣು. ಲಗ್ನವಾಗಿ ನಮ್ಮ ಮನೆಗೆ ನಡೆಯಲು ಬಂದ ಮರುದಿನವೇ ಬಾವಿಯಿಂದ ತಂದ ನೀರನ್ನು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ ಕೊಡಕ್ಕೆ ಹಾಕಿದಳು.

"ನಮ್ಮ ಬಾವಿ ನೀರಿಗಿ ಏನಾಗೇದ?" ಎಂದು ನನ್ನ ಅವ್ವ ಕೇಳಿದಳು.

"ಏನೂ ಆಗಿಲ್ರಿ ಅತ್ತಿ. ಲಿಂಗಕ್ಕ ಸೋಸಿದ ನೀರು ಹಾಕ್ತೇವಿ. ಕುಡಿಲಿಕ್ಕ ಯಾಕ ಸೋಸಬಾರದ್ರಿ?"

ಆಗ ನಮ್ಮ ಓಣಿಯಲ್ಲಿ ನಾರುಹುಣ್ಣು ಇಲ್ಲದ ಮನೆಯೇ ಇರಲಿಲ್ಲ. ಕಾಲು ಬಾತು, ಹುಣ್ಣಾಗಿ, ಅದರೊಳಗಿಂದ ಬಿಳಿ ದಾರದಂಥ ಹುಳು ದಿನಕ್ಕೆ ಒಂದಿಷ್ಟೇ ಹೊರಗೆ ಬರುತ್ತಿತ್ತು. ನನಗೆ ಎರಡು ಸಲ ಆಗಿ ಬಿತ್ತನೆಯ ಹೊತ್ತಿಗೆ ಹಾಸಿಗೆ ಹಿಡಿದಿದ್ದೆ. ಅವಳು ಬಂದು ಎರಡು ವರ್ಷ ಕಳೆಯುವಷ್ಟರಲ್ಲಿ ನಮ್ಮ ಮನೆಯಲ್ಲಿ ಅದು ನಿಂತೇಹೋಯಿತು. ನನ್ನ ದೇಹ ಗಟ್ಟಿಯಾಗಿದೆ ಎಂದು ನಾನು ಮೀಸೆ ತಿರುವಿಕೊಂಡೆ.

ಆಮೇಲೆ ಅಡುಗೆಮನೆಯ ಹೊಗೆಯ ಮಾತು ತೆಗೆದಳು. ನಾನೇ ಮಾಳಿಗೆ ಹತ್ತಿ, ಒಲೆಯ ನೇರಕ್ಕೆ ಮಣ್ಣು ಅಗೆದು, ಬೆಳಕಿಂಡಿ ತೆಗೆದೆ. ಬೆನ್ನು ನೋಯಿಸಿಕೊಂಡವನು ನಾನು. ಅವ್ವನ ಹಳೆಯ ಕೆಮ್ಮು ತಗ್ಗಿದಾಗ ಅವಳು ಬಾವಿಯ ಕಟ್ಟೆಯ ಮೇಲೆ ಹೇಳಿದ್ದು, "ನಮ್ಮ ಸೊಸಿ ಬಂದು ನನ್ನ ಎದಿ ಹಗುರಾತು" ಎಂದು. ಮಗನ ಹೆಸರು ಅವಳ ಬಾಯಿಗೆ ಬರಲೇ ಇಲ್ಲ. ಅಂದಿನಿಂದ ನನ್ನ ಹೊಟ್ಟೆಯಲ್ಲಿ ಉರಿ ಶುರುವಾಯಿತು.

ಇಷ್ಟಾದರೂ ತಿಪ್ಪೆಯ ತಂಟೆಗೆ ಅವಳು ಬಂದಿರಲಿಲ್ಲ. ನಮ್ಮ ಕಡೆ ಹೆಣ್ಣು ಕೊಡುವವರೂ ತರುವವರೂ ಮೊದಲು ನೋಡುವುದು ಮನೆಯ ಮುಂದಿನ ತಿಪ್ಪೆಯನ್ನು. ತಿಪ್ಪೆ ದೊಡ್ಡದಿದ್ದರೆ ದನ ಹೆಚ್ಚು, ದನ ಹೆಚ್ಚಿದ್ದರೆ ಹೊಲ ಹೆಚ್ಚು ಎಂದು ಅಳೆಯುತ್ತಾರೆ. ನಮ್ಮ ತಿಪ್ಪೆ ಓಣಿಗೇ ದೊಡ್ಡದು. ಎದುರು ಮನೆಯ ಶಿವರಾಜಪ್ಪ ನನ್ನ ದೊಡ್ಡಪ್ಪನ ಮಗ. ಒಂದು ವರ್ಷ ಅವನ ತಿಪ್ಪೆ ನನ್ನದಕ್ಕಿಂತ ಒಂದು ಮೊಳ ಎತ್ತರವಾದಾಗ ನನಗೆ ರೊಟ್ಟಿ ರುಚಿಸಿರಲಿಲ್ಲ.

ಏಳನೆಯ ನಿಜಾಮರು ಗಾದಿಗೆ ಬಂದ ಮೂರನೆಯ ವರ್ಷವೋ ನಾಲ್ಕನೆಯದೋ ಇರಬೇಕು, ಬೇಸಿಗೆಯಲ್ಲಿ ಊರಿಗೆ ಕಾಲರಾ ಬಂತು. ನಮ್ಮ ಕಿರಿಯ ಮಗ, ಎರಡು ವರ್ಷದ ಕೂಸು, ಒಂದೇ ಹಗಲಿನಲ್ಲಿ ಹೋಯಿತು. ಗುಂಡಮ್ಮ ಹದಿನೈದು ದಿನ ಹೊಸ್ತಿಲ ಒಳಗೆ ಕುಳಿತು ತಿಪ್ಪೆಯನ್ನೇ ನೋಡುತ್ತಿದ್ದಳು. ಕೊನೆಗೊಂದು ದಿನ ನನ್ನನ್ನು ಕರೆದಳು.

"ಆ ತಿಪ್ಪಿ ಮ್ಯಾಲಿನ ನೊಣಾನೇ ಕೂಸಿನ ಹಾಲಿನ ಬಟ್ಟಲ ಮ್ಯಾಲ ಕೂಡ್ತಿದ್ವು. ನಾ ನೋಡೀನ್ರಿ. ತಿಪ್ಪಿ ಹೊಲಕ್ಕ ಒಯ್ಯೋಣ್ರಿ."

"ಅಪ್ಪನ ಕಾಲದ ತಿಪ್ಪಿ ಅದ. ತೆಗದ್ರ ಇವರ ದನಾ ಸತ್ತಾವು ಅಂತಾರ ಮಂದಿ."

"ದನಾ ಸತ್ತಾವು ಅನ್ನಲ್ರಿ. ನಮ್ಮ ಕೂಸು ಸತ್ತದ."

ನನಗೆ ಅಳು ಬಂತು. ಆದರೂ ಒಪ್ಪಲಿಲ್ಲ. ಅವಳು ವಾದಿಸಲಿಲ್ಲ. ಮುಂಗಾರಿಗೆ ಮೊದಲು ಎಲ್ಲರ ಗೊಬ್ಬರ ಹೊಲಕ್ಕೆ ಹೋಗುವ ಹಾಗೆ ನಮ್ಮದೂ ಬಂಡಿಯಲ್ಲಿ ಹೋಯಿತು. ಮತ್ತೆ ತಿಪ್ಪೆ ಬೆಳೆಯಬೇಕಲ್ಲ, ಬೆಳೆಯಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಅವಳು ದಿನದ ಸಗಣಿ, ಕಸವನ್ನೆಲ್ಲ ಬುಟ್ಟಿಯಲ್ಲಿ ಹೊತ್ತು, ಊರ ಹೊರಗಿನ ನಮ್ಮ ಹೊಲದ ಗುಂಡಿಗೆ ಹಾಕಿ, ಮೇಲೆ ಮಣ್ಣು ಎಳೆದು ಬರುತ್ತಿದ್ದಳು. ಬಚ್ಚಲ ನೀರು ಓಣಿಯಲ್ಲಿ ನಿಲ್ಲದಂತೆ ಹಿತ್ತಲಿಗೆ ತಿರುಗಿಸಿ ಬಾಳೆ ಹಚ್ಚಿದಳು. ಬೋಳಾದ ಅಂಗಳ ನೋಡಿ ಶಿವರಾಜಪ್ಪ ವರ್ಷವಿಡೀ ನಕ್ಕ. ನಾನು ತಲೆಯ ರುಮಾಲು ಮುಂದಕ್ಕೆ ಎಳೆದುಕೊಂಡು ಓಡಾಡಿದೆ.

ಮತ್ತೆರಡು ವರ್ಷಕ್ಕೆ ಕಾಲರಾ ತಿರುಗಿ ಬಂತು. ಶಿವರಾಜಪ್ಪನ ಮನೆಯಲ್ಲಿ ಇಬ್ಬರು ಹೋದರು. ನಮ್ಮ ಮನೆಯಲ್ಲಿ ಒಬ್ಬರಿಗೂ ಹೊಟ್ಟೆ ನೋಯಲಿಲ್ಲ. ಅಲ್ಲಿಂದ ಮುಂದೆ ಹೆಂಗಸರು ಬರುವುದು ಶುರುವಾಯಿತು. ಮೊದಲು ಬಂದವಳು ಶಿವರಾಜಪ್ಪನ ಹೆಂಡತಿಯೇ. ತಿಂಗಳೊಳಗೆ ಅವರ ತಿಪ್ಪೆಯೂ ಹೊಲಕ್ಕೆ ಹೋಯಿತು, ಅವರ ಅಡುಗೆಮನೆಗೂ ಬೆಳಕಿಂಡಿ ಬಂತು. ನಮ್ಮ ಓಣಿಯಲ್ಲೇ ಇದ್ದ ಕಚೇರಿ ಗುಮಾಸ್ತನ ಹೆಂಡತಿ ಅನ್ವರಿ ಬೇಗಂ ಎಲ್ಲವನ್ನೂ ಕಲಿತುಕೊಂಡು, ಗಂಡನಿಗೆ ಬೀದರಿಗೆ ಬದಲಿಯಾದಾಗ ಅದರ ಮಗ್ಗುಲಿನ ನೌಬಾದಕ್ಕೆ ಹೋಗಿ ನೆಲೆಸಿದಳು. ಅಲ್ಲಿ ಸಿಕ್ಕಸಿಕ್ಕವರಿಗೆಲ್ಲ ಗುಂಡಮ್ಮನ ಗುಣಗಾನ ಮಾಡಿದಳು.

ಹೀಗೆ ವಾರಕ್ಕೊಬ್ಬಳಾದರೂ ನಮ್ಮ ಬಾಗಿಲಿಗೆ ಬಂದು, "ಇದು ಗುಂಡಮ್ಮನ ಮನಿ ಏನ್ರಿ?" ಎಂದು ಕೇಳುವಳು. ಕಟ್ಟೆಯ ಮೇಲೆ ಮನೆಯ ಯಜಮಾನ ಕುಳಿತಿದ್ದಾನೆ, ಅವನನ್ನೇ ಕೇಳುತ್ತಾರೆ! "ಅಲ್ಲ. ಇದು ಬಸವಣ್ಣೆಪ್ಪನ ಮನಿ" ಎಂದು ನಾನು ಹೇಳುತ್ತಿದ್ದೆ. ಅವರು ಕಕ್ಕಾಬಿಕ್ಕಿಯಾಗುವಷ್ಟರಲ್ಲಿ ಗುಂಡಮ್ಮ ಒಳಗಿನಿಂದ, "ಬರ್ರಿ ಅವ್ವಾ, ಇದ ಮನಿ" ಎಂದು ಕರೆದುಬಿಡುತ್ತಿದ್ದಳು. ನನ್ನ ಮೇಲೆ ಒಂದು ದಿನವೂ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸ್ವಲ್ಪ ಸಮಾಧಾನವಾದರೂ ಆಗುತ್ತಿತ್ತು.

ನಮ್ಮ ಮಗಳು ಮಹಾನಂದಾ ಆ ಹೊತ್ತಿಗೆ ಲಗ್ನಕ್ಕೆ ಬಂದಿದ್ದಳು. ಎದುರು ಮನೆಯ ಶಿವರಾಜಪ್ಪನ ಮಗಳೂ ಅವಳದೇ ವಯಸ್ಸಿನವಳು. ಬಗದಲ್ ಊರಿನ ಒಂದು ಒಳ್ಳೆಯ ಮನೆತನದವರು ಈ ವಾರದಲ್ಲಿ ಬಂದು ನೋಡುತ್ತಾರೆಂದು ಅನ್ವರಿ ಬೇಗಂ ನೌಬಾದದಿಂದ ಹೇಳಿ ಕಳಿಸಿದಳು. ದೊಡ್ಡ ಒಕ್ಕಲುತನ, ಒಬ್ಬನೇ ಮಗ, ಬಾವಿ ಇರುವ ಹೊಲ. ಇಂಥ ಸಂಬಂಧ ನಮ್ಮ ಓಣಿಗೆ ಹಿಂದೆ ಬಂದಿರಲಿಲ್ಲ. ಅದೇ ಹೊತ್ತಿಗೆ ಔರಾದಿನಲ್ಲಿ ಗುಂಡಮ್ಮನ ತಮ್ಮನ ಹೆಂಡತಿ ಹೆರಿಗೆಗೆ ಕುಳಿತಳೆಂದು ಕರೆ ಬಂತು.

"ನಾಲ್ಕು ದಿನದಾಗ ಬರ್ತೇನ್ರಿ," ಎಂದಳು ಗುಂಡಮ್ಮ. "ಬಗದಲ್ನವರು ಬಂದ್ರ ಕುಂದರಿಸಿ ಮಾತಾಡಸ್ರಿ. ಮಹಾನಂದಾಗ ಎಲ್ಲಾ ಗೊತ್ತದ."

ಅವಳ ಬಂಡಿ ಓಣಿ ದಾಟಿದ ಮೇಲೆ ನಾನು ಅಂಗಳದಲ್ಲಿ ನಿಂತು ನೋಡಿದೆ. ಸಾರಿಸಿದ ಬೋಳು ನೆಲ. ರುಮಾಲು ಸುತ್ತಿದ ನಾಲ್ಕು ಹಿರಿಯರು ಬಂದು ಇಲ್ಲಿ ನಿಂತರೆ ಏನು ಕಾಣುತ್ತದೆ? ಅದು ಒಂದು ಕಾರಣ. ಇನ್ನೊಂದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಒಂದು ಸಲವಾದರೂ, ಒಬ್ಬರ ಕಣ್ಣಿಗಾದರೂ, ಇದು ಬಸವಣ್ಣೆಪ್ಪನ ಮನೆ ಎಂದು ಕಾಣಬೇಕಿತ್ತು. ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋದೆ. ಅರ್ಧ ಕೊಳೆತ ಗೊಬ್ಬರವನ್ನು ಗುಂಡಿಯಿಂದ ಎತ್ತಿ, ಎರಡು ದಿನದಲ್ಲಿ ಐದು ಬಂಡಿ ತಂದು ಬಾಗಿಲ ಮುಂದೆ ಸುರಿದೆ.

"ಅಪ್ಪಾ, ಅವ್ವ ನೋಡಿದ್ರ ಏನಂತಾಳ್ರಿ?" ಎಂದಳು ಮಹಾನಂದಾ, ಮೂಗಿಗೆ ಸೆರಗು ಹಿಡಿದು.

"ನಿನ್ನ ಲಗ್ನಕ್ಕ ಮಾಡ್ಲಿಕತ್ತೀನಿ. ಒಳಗ ಹೋಗು."

ಮೂರನೆಯ ದಿನ ಮಧ್ಯಾಹ್ನ, ಬರಿಮೈಯಲ್ಲಿ ಮೊಣಕಾಲವರೆಗೆ ಗೊಬ್ಬರ ಮೆತ್ತಿಕೊಂಡು ತಿಪ್ಪೆಗೆ ಅಂಚು ಕಟ್ಟುತ್ತಿದ್ದೆ. ನೊಣಗಳು ಗುಂಯ್ ಎನ್ನುತ್ತಿದ್ದವು. ಓಣಿಯಲ್ಲಿ ಒಂದು ಕಮಾನು ಬಂಡಿ ಬಂದು ನಿಂತಿತು. ಅದರಲ್ಲಿ ನಡುವಯಸ್ಸಿನ ಒಬ್ಬ ಹೆಂಗಸು, ಬಂಡಿ ಹೊಡೆಯುವ ಒಬ್ಬ ಮುದುಕ, ಅಷ್ಟೇ. ಆ ಹೆಂಗಸು ಸೆರಗು ಸರಿಮಾಡಿಕೊಂಡು ಕೇಳಿದಳು:

"ಇದು ಗುಂಡಮ್ಮನ ಮನಿ ಏನಪ್ಪಾ?"

ಮತ್ತೊಬ್ಬಳು ಬಚ್ಚಲ ನೀರಿನ ಉಪಾಯ ಕೇಳಲು ಬಂದಳು ಎಂದುಕೊಂಡೆ. ಅದೂ ಊರಲ್ಲಿ ಇಲ್ಲದವಳನ್ನು ಹುಡುಕಿಕೊಂಡು.

"ಅಲ್ಲ" ಎಂದೆ. ಈ ಸಲ ನನ್ನ ಹೆಸರನ್ನೂ ಹೇಳಲಿಲ್ಲ.

ಅವಳು ತಿಪ್ಪೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಹೌದು, ಇದು ಇರ್ಲಿಕ್ಕಿಲ್ಲ" ಎಂದು ಮುದುಕನಿಗೆ ಹೇಳಿದಳು. ಬಂಡಿ ತಿರುಗಿ, ಸಾರಿಸಿದ ಅಂಗಳವಿದ್ದ ಎದುರು ಮನೆಯ ಮುಂದೆ ನಿಂತಿತು. ಹೋಗಲಿ, ಶಿವರಾಜಪ್ಪನ ಹೆಂಡತಿಯೇ ಪಾಠ ಹೇಳಲಿ ಎಂದು ನಾನು ಗೊಬ್ಬರ ತಟ್ಟತೊಡಗಿದೆ. ಒಳಗಿನಿಂದ ಮಹಾನಂದಾ, "ಯಾರು ಬಂದಿದ್ರಪ್ಪಾ?" ಎಂದು ಕೇಳಿದಳು. ಯಾರೂ ಇಲ್ಲ ಎಂದೆ.

ಮರುದಿನ ಶಿವರಾಜಪ್ಪ ಅಂಗೈಯಲ್ಲಿ ಸಕ್ಕರೆ ಹಿಡಿದು ಬಂದ.

"ಬಾಯಿ ಸಿಹಿ ಮಾಡ್ಕೋ ತಮ್ಮಾ. ಬಗದಲ್ನಿಂದ ಸುಭದ್ರಾಬಾಯಿ ಅಂತ ಬಂದಿದ್ರು. ಗಂಡ ಇಲ್ಲ, ಒಕ್ಕಲುತನ ಎಲ್ಲಾ ಆಕೀನ ನೋಡ್ತಾಳ. ನಮ್ಮ ಹುಡುಗಿನ ಒಪ್ಪ್ಯಾಳ. ಕೂತಲ್ಲೇ ಮಾತು ಕೊಟ್ಟು ಹೋದ್ಳು."

ಆ ಸಕ್ಕರೆಯನ್ನು ನಾನು ಹೇಗೆ ನುಂಗಿದೆನೋ ಗೊತ್ತಿಲ್ಲ. ರುಮಾಲಿನ ಗಂಡಸರಿಗಾಗಿ ಕಾಯುತ್ತಿದ್ದವನ ಮುಂದೆ ಹೆಣ್ಣು ನೋಡುವ ಯಜಮಾನಿಯೇ ಬಂದು ನಿಂತು ಕೇಳಿದ್ದಳು. ನಾನು ಇಲ್ಲವೆಂದು ಕಳಿಸಿದ್ದೆ.

ಸಂಜೆ ಗುಂಡಮ್ಮ ಬಂದಳು. ಬಂಡಿಯಿಂದ ಇಳಿದು ತಿಪ್ಪೆಯನ್ನು ಒಂದು ಸುತ್ತು ಹಾಕಿ ಬಂದಳು.

"ಬಗದಲ್ನವರು ಬಂದಿದ್ರೇನ್ರಿ?"

"ಸೀದಾ ಎದುರು ಮನಿಗಿ ಹೋದ್ರು. ನಾವೇನು ಮಾಡೋದದ" ಎಂದೆ. ಮಹಾನಂದಾ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ಗುಂಡಮ್ಮ ಗಂಟು ಒಳಗಿಟ್ಟು, ಹಳೆಯ ಸೀರೆ ಉಟ್ಟುಕೊಂಡು ಬಂದು ಬುಟ್ಟಿ ತುಂಬತೊಡಗಿದಳು. ಮಗಳೂ ಇನ್ನೊಂದು ಬುಟ್ಟಿ ತಂದಳು. ನಾನು ಕಟ್ಟೆಯ ಮೇಲೆ ಕುಳಿತೇ ಇದ್ದೆ.

ಹನ್ನೆರಡು ದಿನಕ್ಕೆ ಎದುರು ಮನೆಯಲ್ಲಿ ನಿಶ್ಚಯದ ಕಾರ್ಯ. ದಾಯಾದಿ ನಾನು, ಹೋಗದೆ ಇರುವಂತಿಲ್ಲ. ಸುಭದ್ರಾಬಾಯಿ ನನ್ನ ಗುರುತು ಹಿಡಿದಾಳೆಂಬ ಅಂಜಿಕೆಗೆ ಜರಿಯ ರುಮಾಲು ಸುತ್ತಿಕೊಂಡು, ಗಂಡಸರ ನಡುವೆ ಒಳಮನೆಯ ಬಾಗಿಲಿಗೆ ಬೆನ್ನು ಹಾಕಿ ಕುಳಿತೆ. ಬಾಗಿಲು ಅರ್ಧ ತೆರೆದಿತ್ತು. ಒಳಗಿನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ಅಕ್ಕಾರ, ಒಂದು ಮಾತು ಹೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದು ಗುಂಡಮ್ಮನಿಗೆ ಹೇಳಿದಳು ಸುಭದ್ರಾಬಾಯಿ. "ನಾ ಬಂದಿದ್ದು ನಿಮ್ಮ ಹೆಸರು ಕೇಳಿ. ಮೂರು ಕೂಸು ಕಳ್ಕೊಂಡಾಕಿ ನಾನು. ನಿಮ್ಮ ಕೈಯಾಗ ಬೆಳೆದ ಹುಡುಗಿ ನಮ್ಮ ಮನಿಗಿ ಬೇಕಂತಿದ್ದೆ. ಅಂಗಳ ನೋಡಿ ಈ ಮನಿನೇ ನಿಮ್ಮದು ಅಂತ ತಿಳದು, ಮತ್ತ ಹೆಸರು ಕೇಳದ ಹುಡುಗಿನ ಒಪ್ಪಿದೆ, ಮಾತು ಕೊಟ್ಟೆ. ಹೊರಡೂ ಹೊತ್ತಿನಾಗ ಈ ಮನಿಯವರು ನಿಮ್ಮ ಮನಿ ತೋರಿಸಿದ್ರು. ನೋಡಿದ್ರ ಬಾಗಿಲ ಮುಂದ ಅಷ್ಟು ದೊಡ್ಡ ತಿಪ್ಪಿ. ನಾ ಮೊದಲ ಅಲ್ಲೇ ಕೇಳಿದ್ದೆ ನೋಡ್ರಿ. ನಿಮ್ಮ ಆಳುಮನಷ್ಯ ಗೊಬ್ಬರ ತಟ್ಟಲಿಕತ್ತಿದ್ದ. ಗುಂಡಮ್ಮನ ಮನಿ ಅಲ್ಲ ಅಂದ."

ಆ ಆಳು ಯಾರೆಂದು ಗುಂಡಮ್ಮನಿಗೆ ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತು ಸಾಕಾಗಿತ್ತು.

"ಹೌದ್ರಿ," ಎಂದಳು ಅವಳು, ದನಿ ಏರಿಸದೆ. "ನಾ ಊರಾಗ ಇರ್ಲಿಲ್ಲ. ಅಂವ ಭಾಳ ದಿನದ ಆಳು, ದುಡೀಲಿಕ್ಕ ಗಟ್ಟಿ. ಆದ್ರ ಮನಿ ಯಾರದು ಅಂತ ಅಂವಗ ಇನ್ನೂ ತಿಳಿದಿಲ್ರಿ."

"ಬೈದ್ರಿಲ್ಲೋ?"

"ಇಲ್ರಿ."

"ಎಂಥಾ ಸಮಾಧಾನ ಅಕ್ಕಾರ ನಿಮ್ಮದು. ನಾನಾಗಿದ್ರ ಅವತ್ತೇ ಕೆಲಸ ಬಿಡಸ್ತಿದ್ದೆ."

ಒಳಗೆ ಹೆಂಗಸರೆಲ್ಲ ಹೌದು ಹೌದು ಎಂದರು. ನನ್ನ ಪಕ್ಕದಲ್ಲಿ ಶಿವರಾಜಪ್ಪ ಎಲ್ಲರಿಗೂ ಅಡಿಕೆ ಹಂಚುತ್ತಿದ್ದ. ನಾನು ಮಾಡಿದ ತಪ್ಪಿನಿಂದಲೂ ಅವಳಿಗೇ ಹೆಸರು ಬಂತಲ್ಲ ಎಂದು ಆ ಹೊತ್ತಿನಲ್ಲೂ ನನ್ನ ಹೊಟ್ಟೆ ಉರಿಯಿತು. ದೇವರಾಣೆ, ಅಷ್ಟು ನೀಚನಿದ್ದೆ ನಾನು. ಎದ್ದು ಒಳಗೆ ಹೋಗಿ ಆ ಆಳು ನಾನೇ ಎಂದು ಹೇಳಬೇಕಿತ್ತು. ಹೇಳಿದ್ದರೆ ಹೋದ ಸಂಬಂಧ ತಿರುಗಿ ಬರುತ್ತಿರಲಿಲ್ಲ. ಗುಂಡಮ್ಮನ ಮನೆಯ ಮಾನವಾದರೂ ಉಳಿಯುತ್ತಿತ್ತು.

ಹಿಂತಿರುಗಿ ನೋಡಿದೆ. ಮಹಾನಂದಾ ಬಾಗಿಲ ಹತ್ತಿರ ಕುಳಿತು ಎದುರು ಮನೆಯ ಹುಡುಗಿಯ ಹೆರಳಿಗೆ ಹೂ ಮುಡಿಸುತ್ತಿದ್ದಳು. ಬಗದಲ್ ಮನೆಗೆ ಸೊಸೆಯಾಗಿ ಹೋಗಬೇಕಾದ ನನ್ನ ಮಗಳು. ನಮ್ಮಿಬ್ಬರ ಕಣ್ಣು ಕೂಡಿದವು. ಅವಳು ತಲೆ ತಗ್ಗಿಸಿ, ಉಳಿದ ಹೂವನ್ನೂ ಆ ಹುಡುಗಿಗೇ ಮುಡಿಸಿದಳು.