ಶಂಕ್ರವ್ವನ ಹೊಲದ ಬಳಪ

ಮೊನ್ನೆ ಬೆಳಿಗ್ಗೆ ಮೊಮ್ಮಗಳಿಗೆ ಎರೆದು, ಒರೆಸಿ, ಪೌಡರು ಹಚ್ಚುತ್ತ ಕುಳಿತಿದ್ದೆ. ಹಚ್ಚುವುದನ್ನು ಬಿಟ್ಟು ಪುಡಿಯನ್ನು ಬೆರಳ ತುದಿಯಲ್ಲಿ ತಿಕ್ಕಿ ತಿಕ್ಕಿ ನೋಡುತ್ತಿದ್ದೆನಂತೆ. "ಅವ್ವಾ, ಕೂಸಿಗೆ ಹಚ್ಚತೀಯೋ, ಪರೀಕ್ಷಾ ಮಾಡತೀಯೋ?" ಎಂದು ಮಗಳು ನಕ್ಕಳು. ಏನು ಮಾಡುವುದು ಹೇಳಿ, ಭೂವಿಜ್ಞಾನದ ಕೆಲಸದಲ್ಲೇ ತಲೆ ಹಣ್ಣಾದವಳು ನಾನು. ಮದುವೆಮನೆಗೆ ಹೋದರೂ ಮಂದಿ ಸೀರೆ ನೋಡುವ ಹೊತ್ತಿಗೆ ನಾನು ಮೆಟ್ಟಿಲಿನ ಕಲ್ಲು ನೋಡುತ್ತಿರುತ್ತೇನೆ. ಆ ಪೌಡರು ಕೂಡ ಮೂಲದಲ್ಲಿ ಒಂದು ಕಲ್ಲೇ. ಟಾಲ್ಕ್ ಎಂದು ಅದರ ಹೆಸರು. ನಮ್ಮ ಕಡೆ ಬಳಪದ ಕಲ್ಲು ಎಂದರೆ ಎಲ್ಲರಿಗೂ ತಿಳಿಯುತ್ತದೆ. ಗಂಗಾವತಿಯ ಸಾಲೆಯಲ್ಲಿ ನಾನು ಬಳಪದಿಂದ ಬರೆದದ್ದಕ್ಕಿಂತ ಬಳಪ ತಿಂದದ್ದೇ ಹೆಚ್ಚು. ಉಗುರಿನಿಂದ ಗೀರಿದರೂ ಪುಡಿಯಾಗುವ ಈ ಬಡಪಾಯಿ ಕಲ್ಲು ಒಮ್ಮೆ ನನ್ನ ಕಾಲು ಮುರಿಯಿತು, ನನಗೊಬ್ಬ ಚಿಗವ್ವನನ್ನು, ಅಂದರೆ ಚಿಕ್ಕಮ್ಮನನ್ನೂ ಕೊಟ್ಟಿತು ಎಂದರೆ ನೀವು ನಂಬಲಿಕ್ಕಿಲ್ಲ.

ಆಗಷ್ಟೇ ನನಗೆ ಕೆಲಸ ಸಿಕ್ಕಿತ್ತು. ಹುಲಿಹೈದರದ ಆಚೆ ತಾಮ್ರ, ಬಂಗಾರದ ಸುಳಿವಿದೆ ಎಂದು ನಮ್ಮ ತಂಡ ಅಲ್ಲಿ ನೆಲ ಬಗೆದು ನೋಡುತ್ತಿತ್ತು. ಸುಳಿವು ಸಿಕ್ಕದ್ದು ಶಂಕ್ರವ್ವ ಎಂಬ ವಿಧವೆಯ ಹೊಲದಲ್ಲಿ. ಬೆಳೆ ಕೆಡಿಸದಂತೆ ಬೀಳು ಬಿಟ್ಟ ಪಟ್ಟಿಯಲ್ಲಿ ಉದ್ದಕ್ಕೊಂದು ತಗ್ಗು ತೋಡಿಸಿದ್ದೆವು. ಆಕೆಗೆ ಅದೂ ಸರಿಬರಲಿಲ್ಲ. ದಿನಾ ಬುತ್ತಿ ಕಟ್ಟಿಕೊಂಡು ಬಂದು ಬದುವಿನ ಮೇಲೆ ಕೂಡುತ್ತಿದ್ದಳು.

"ಇಲ್ಲಿ ಕುಂತು ಏನ ಮಾಡತೀರಿ ಅಕ್ಕಾರ? ಬಿಸಲ ಐತಿ, ಮನಿಗೆ ಹೋಗ್ರಿ," ಎಂದೆ ಒಮ್ಮೆ.

"ನೀವು ನನ್ನ ಹೊಲಾ ಹೊತಗೊಂಡು ಹೋಗಬಾರದಲ್ಲ, ಅದಕ್ಕ ಕಾಯತೀನಿ," ಎಂದಳು.

ತಗ್ಗಿನಲ್ಲಿ ಬೆಣಚುಕಲ್ಲಿನ ಬಿಳಿ ಎಳೆ ಸಿಕ್ಕಿತು, ಅದರಲ್ಲಿ ಲೋಹದ ಹೊಳಪೂ ಇತ್ತು. ಆದರೆ ಅದರ ಎರಡೂ ಬದಿಗೆ ಹಸಿರುಬೂದಿ ಬಣ್ಣದ, ಸಬಕಾರದಂತೆ ಜಾರುವ ಬಳಪ. ನೆಲದಾಳದ ಬಿಸಿನೀರು ಕಲ್ಲಿನ ಬಿರುಕುಗಳಲ್ಲಿ ಹರಿಯುವಾಗ ಲೋಹವನ್ನು ತಂದು ಬಿಡುತ್ತದೆ. ಮೆಗ್ನೀಸಿಯಂ ಇರುವ ಕಲ್ಲು ಸಿಕ್ಕರೆ ಅದನ್ನೇ ಬಳಪ ಮಾಡಿಬಿಡುತ್ತದೆ. ಹೀಗಾಗಿ ಎರಡೂ ಒಂದೇ ಮನೆಯಲ್ಲಿ ಬೆಳೆದ ಮಕ್ಕಳ ಹಾಗೆ ಅಕ್ಕಪಕ್ಕ ಇರುತ್ತವೆ. ಇದನ್ನೆಲ್ಲ ನಾನು ಕಾಲೇಜಿನಲ್ಲಿ ಓದಿ ಒಳ್ಳೆಯ ಅಂಕ ತೆಗೆದಿದ್ದೆ. ನೆನೆದ ಬಳಪದ ಗೋಡೆಯ ಬುಡಕ್ಕೆ ನಿಲ್ಲಬಾರದು ಎಂಬುದನ್ನೂ ಓದಿದ್ದೆ.

ಹಿಂದಿನ ರಾತ್ರಿ ಅಕಾಲದ ಮಳೆಯಾಗಿತ್ತು. ಆಳುಗಳು ರಸ್ತೆಯ ಬದಿಗೆ ಚಹಾ ಕುಡಿಯಲು ಹೋಗಿದ್ದರು. ಒಂದು ತುಣುಕು ಕಲ್ಲಿನ ಆಸೆಗೆ ನಾನೊಬ್ಬಳೇ ತಗ್ಗಿಗೆ ಇಳಿದೆ. ಗೋಡೆ ಸದ್ದಿಲ್ಲದೆ ಜಾರಿತು. ಕಣ್ಣು ಬಿಟ್ಟಾಗ ಸೊಂಟದವರೆಗೆ ಹೂತುಹೋಗಿದ್ದೆ. ಉಳಿದ ಗೋಡೆಯೂ ಮೆಲ್ಲಗೆ ಬಾಯಿ ಬಿಡುತ್ತಿತ್ತು.

ಮೇಲೆ ಶಂಕ್ರವ್ವನ ಮುಖ ಕಂಡಿತು. ಅಂಚಿನಲ್ಲಿ ಬೋರಲು ಮಲಗಿ ಎರಡೂ ಕೈ ಕೆಳಗೆ ಚಾಚಿದಳು. ಹಿಡಿದೆ, ಜಾರಿತು. ಮತ್ತೆ ಹಿಡಿದೆ, ಮತ್ತೆ ಜಾರಿತು. ನನ್ನ ಕೈತುಂಬ ಬಳಪ ಮೆತ್ತಿತ್ತು. ಆಕೆ ಹಿಂದಕ್ಕೆ ಸರಿದಳು. ಬಿಟ್ಟು ಹೋದಳು ಎಂದುಕೊಂಡೆ. ತುಸು ಹೊತ್ತಿಗೆ ಒಣಮಣ್ಣು ನನ್ನ ಮೈಮೇಲೆ ಬಿತ್ತು. ಬದುವಿನ ಗಿಡದ ಬುಡದಲ್ಲಿ ನೆನೆಯದೆ ಉಳಿದಿದ್ದನ್ನು ಸೆರಗಿನಲ್ಲಿ ತುಂಬಿ ತಂದಿದ್ದಳು.

"ಅಂಗೈಗೆ ತಿಕ್ಕೋ ಯವ್ವಾ. ಅಳಬ್ಯಾಡ, ತಿಕ್ಕೋ. ಈಗ ನನ್ನ ರಟ್ಟಿ ಹಿಡಿ."

ಈ ಸಲ ಹಿಡಿತ ನಿಂತಿತು. ನನ್ನನ್ನು ಎಳೆದು ತೆಗೆಯುವಷ್ಟು ಶಕ್ತಿ ಆಕೆಗೆ ಇರಲಿಲ್ಲ. ಆದರೆ ಬಿಡಲಿಲ್ಲ. ಅಂಚು ಕುಸಿದರೆ ತಾನೂ ಒಳಗೆ ಬೀಳುತ್ತೇನೆ ಎಂದು ಗೊತ್ತಿದ್ದೂ, ತನ್ನ ಕೂಗು ಕೇಳಿ ಆಳುಗಳು ಓಡಿ ಬರುವವರೆಗೆ ಹಾಗೆಯೇ ಮಲಗಿದ್ದಳು.

ಗಂಗಾವತಿಯ ದವಾಖಾನೆಯಲ್ಲಿ ಕಾಲಿಗೆ ಪಟ್ಟಿ ಹಾಕಿದರು. ನಮ್ಮ ಮನೆ ಅದೇ ಊರಿನಲ್ಲಿದ್ದರೂ ನಾನು ಅತ್ತ ಮುಖ ಹಾಕಲಿಲ್ಲ. ಹೆಣ್ಣುಮಗಳಿಗೆ ಅಡವಿ ತಿರುಗುವ ಕೆಲಸ ಯಾಕೆ ಎಂದು ಅಣ್ಣ ಮೊದಲೇ ಮುನಿಸಿಕೊಂಡಿದ್ದ. ಕಾಲು ಮುರಿದದ್ದು ತಿಳಿದರೆ ಕೆಲಸ ಬಿಡಿಸುವುದು ಖಂಡಿತ. ಶಂಕ್ರವ್ವ ತನ್ನ ಮನೆಗೇ ಕರೆದುಕೊಂಡು ಹೋದಳು.

"ನಮ್ಮಣ್ಣ ಬಂದ್ರ ಹೇಳಬ್ಯಾಡ್ರಿ," ಎಂದು ಬೇಡಿಕೊಂಡೆ.

"ಸುಳ್ಳ ನಾ ಹೇಳಂಗಿಲ್ಲ. ಕೇಳಿದ್ರ ಹೇಳತೀನಿ. ಆದ್ರ ನಿಮ್ಮಣ್ಣಗ ನನ್ನ ಮನಿ ಎಲ್ಲೈತಿ ಅಂತ ಗೊತ್ತಿಲ್ಲಲ್ಲ," ಎಂದಳು.

ಪಟ್ಟಿ ಬಿಚ್ಚುವವರೆಗೆ ಅಲ್ಲಿಯೇ ಇದ್ದೆ. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಿಂದು ಉಬ್ಬಿದೆ. ಅಕ್ಕಾರ ಎನ್ನುತ್ತಿದ್ದವಳು ಯಾವಾಗ ಚಿಗವ್ವ ಎನ್ನತೊಡಗಿದೆನೋ ತಿಳಿಯದು. ಆಕೆಯ ಮಗ ಬಸವರಾಜನಿಗೆ ಆಗ ಮೀಸೆ ಚಿಗುರಿದ ವಯಸ್ಸು. ಗಣಿ ಬಂದರೆ ಅಲ್ಲಿ ಡ್ರೈವರ್ ಆಗುತ್ತೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಗಣಿ ಬರಲಿಲ್ಲ. ಲೋಹವೇನೋ ಇತ್ತು, ಆದರೆ ತೆಳುವಾಗಿ, ಬಳಪದಲ್ಲಿ ಹರಿದು ಹಂಚಿಹೋಗಿತ್ತು. ಅದಿರನ್ನು ಪುಡಿಮಾಡಿ, ನೀರಿನಲ್ಲಿ ನೊರೆ ಎಬ್ಬಿಸಿ ಲೋಹದ ಕಣಗಳನ್ನು ತೇಲಿಸುವುದು ಪದ್ಧತಿ. ಬಳಪವೂ ನೀರಿಗೆ ಒಗ್ಗದ ಜಾತಿ. ಕರೆಯದಿದ್ದರೂ ಆ ನೊರೆಗೆ ಅಂಟಿಕೊಂಡು ಮೇಲೆ ಬರುತ್ತದೆ, ಎಲ್ಲವನ್ನೂ ಕಲಬೆರಕೆ ಮಾಡುತ್ತದೆ. ಇದನ್ನು ಶಂಕ್ರವ್ವನ ಪಡಸಾಲೆಯಲ್ಲಿ ಕುಳಿತು ನಾನೇ ಹೇಳಿದೆ.

"ಅಂದ್ರ ನನ್ನ ಹೊಲ ಉಳೀತು?"

"ಉಳೀತು ಚಿಗವ್ವ."

ಆಕೆ ನಕ್ಕಳು. ಬಾಯಿಗೆ ಸೆರಗು ಹಿಡಿದು, ಮೈ ಕುಲುಕುವ ಹಾಗೆ ನಕ್ಕಳು. ಬಾಗಿಲಲ್ಲಿ ನಿಂತಿದ್ದ ಬಸವರಾಜ ಹೊರಗೆ ಹೋದ. ಆ ನಗು ಅರ್ಧಕ್ಕೇ ನಿಂತುಹೋಯಿತು.

ಆಮೇಲೆ ವರ್ಗಾವಣೆ, ಮದುವೆ, ಸಂಸಾರ. ಮೊದಮೊದಲು ಹೋಗಿ ಬರುತ್ತಿದ್ದೆ, ಬರಬರುತ್ತ ಅದೂ ತಪ್ಪಿತು. ಪೌಡರು ಹಚ್ಚಿದ ಆ ಬೆಳಿಗ್ಗೆ ಮಗಳಿಗೆ ಈ ಕಥೆಯನ್ನೆಲ್ಲ ಹೇಳಿದೆ. "ಹಂಗಾದ್ರ ಇಲ್ಯಾಕ ಕುಂತಿ? ಹೋಗಿ ಬಾ," ಎಂದಳು. ಮರುದಿನ ಕೊಪ್ಪಳದಿಂದ ಬಸ್ಸು ಹತ್ತಿದೆ.

ಶಂಕ್ರವ್ವನಿಗೆ ಈಗ ಕಣ್ಣು ಮಂಜು. ನನ್ನ ದನಿ ಕೇಳಿ, ಮುಖ ಸವರಿ, "ಬಂದೇನ ಯವ್ವಾ? ಛಲೋ ವ್ಯಾಳ್ಯಾಕ್ಕ ಬಂದಿ," ಎಂದಳು. ಯಾರೋ ಹೊಸಬರು ಹೊಲ ಕೇಳಿಕೊಂಡು ಬಂದಿದ್ದರಂತೆ. ಹೊಸ ಯಂತ್ರಗಳು ಬಂದಿವೆ, ಬಳಪದಿಂದ ಲೋಹ ಬಿಡಿಸುವುದು ಈಗ ಕಷ್ಟವಲ್ಲ ಎಂದರಂತೆ.

"ಕೊಡ್ಲೇನು? ನೀ ಹೇಳು."

ಅಂದು ಪಡಸಾಲೆಯಲ್ಲಿ ಎಷ್ಟು ಜೋರಿನಿಂದ ಹೇಳಿದ್ದೆ ನಾನು. "ನನಗ ಗೊತ್ತಿಲ್ಲ ಚಿಗವ್ವ. ನಾ ಕಲಿತದ್ದು ಹಳೇದಾತು. ನಿನಗೇನ ಅನಸ್ತೈತಿ?"

"ಕೊಡಬೇಕು ಅಂತ ಮಾಡೀನಿ. ಆವತ್ತು ಹೊಲ ಉಳೀತಂತ ನಾ ನಕ್ಕಬಿಟ್ಟೆ. ಈ ಹುಡುಗನ ಮಾರಿ ನೋಡಲಿಲ್ಲ. ಇಷ್ಟ ವರ್ಷ ಆತು, ಅಂವ ಹೊರಗ ಹೋದದ್ದ ಕಣ್ಣಾಗ ಐತಿ."

ನರೆತ ಮೀಸೆಯ ಬಸವರಾಜ ಕಂಬಕ್ಕೆ ಒರಗಿ ಕುಳಿತಿದ್ದ. "ನಿನಗ ಗಣಿ ಬೇಕೇನಪ್ಪಾ?" ಎಂದು ಕೇಳಿದೆ.

"ಆವಾಗ ಬೇಕಾಗಿತ್ತುರಿ ಅಕ್ಕಾರ. ಈಗ ಬ್ಯಾಡ. ಆ ಹೊಲದಾಗ ನಾ ದುಡದೀನಿ, ಮಕ್ಕಳನ್ನ ಬೆಳಿಸೀನಿ. ಎಷ್ಟ ಹೇಳಿದ್ರೂ ಅವ್ವ ನಂಬವಲ್ಲಳು. ತನ್ನ ಸಲುವಾಗಿ ನಾ ಸುಳ್ಳ ಹೇಳತೀನಿ ಅಂತಾಳ." ಅವನು ತಾಯಿಯ ಕಡೆಗೆ ತಿರುಗಿದ. "ಯವ್ವಾ, ನನಗ ಹೊಲಾನ ಬೇಕು."

ಶಂಕ್ರವ್ವ ದನಿ ಬಂದತ್ತ ಮುಖ ತಿರುಗಿಸಿದಳು. ಆ ಮಂಜುಗಣ್ಣಿನಿಂದ ಮಗನಿದ್ದ ಕಡೆಗೇ ನೋಡುತ್ತಿದ್ದಳು. ಹಿಂದಿನ ದಿನವಷ್ಟೇ ಮಳೆಯಾಗಿ ಅಂಗಳದಿಂದ ಹಸಿಮಣ್ಣಿನ ವಾಸನೆ ಬರುತ್ತಿತ್ತು.

"ಹಂಗಾದ್ರ ಇಲ್ಲಿ ಯಾಕ ಕುಂತಿ?" ಎಂದಳು ಕೊನೆಗೆ. "ಮಣ್ಣಿನ ಹದ ಆರಾಕತ್ತೈತಿ. ಬಿತ್ತಾಕ ಕೂರಿಗಿ ಹೂಡು."

ಅವನು ಎದ್ದು ಹೋದ. ಆಕೆ ತಡವುತ್ತ ನನ್ನ ಕೈ ಹುಡುಕಿ ಹಿಡಿದುಕೊಂಡಳು. ಸಂಜೆಯ ಬಸ್ಸಿಗೆ ಹೊರಡಬೇಕು ಎಂದುಕೊಂಡು ಬಂದಿದ್ದವಳು ನಾನು, ಅದರ ಮಾತೇ ಎತ್ತಲಿಲ್ಲ.